ಹಾಡು ನಿಂತಾಗ ಕೈ ಎಲ್ಲಿತ್ತು?

"ಹಾಡು ಅರ್ಧಕ್ಕೆ ನಿಲ್ಲೋದು ಅಂದ್ರೆ ಏನರ್ಥ?"

ಕಸಿಲ್ದಾ ಕೇಳಿದ್ದು ಯಾರನ್ನೂ ಅಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮಸಿ ಹಿಡಿದ ಹಂಡೆಯನ್ನು ಮರಳು ಹಾಕಿ ತಿಕ್ಕುತ್ತಿದ್ದಳು. ಹಂಡೆ ಆಗಲೇ ಬೆಳ್ಳಗಾಗಿತ್ತು. ಅವಳು ಮಾತ್ರ ತಿಕ್ಕುತ್ತಲೇ ಇದ್ದಳು.

ನಮ್ಮ ಉಕಯಾಲಿ ನದಿಯ ಪಕ್ಕದ ಕೆರೆಯಾಚೆ ಪರದೇಶದವನೊಬ್ಬ ಮದ್ದಿನ ಮನೆ ನಡೆಸುತ್ತಾನೆ. ಅಯಾಹುವಾಸ್ಕಾ ಬಳ್ಳಿಯ ಕಷಾಯ ಕುಡಿದು ಮನಸ್ಸಿನ ನೋವು ಕಳೆದುಕೊಳ್ಳಲು ದೂರದೂರದವರು ಅಲ್ಲಿಗೆ ಬರುತ್ತಾರೆ. ಕಸಿಲ್ದಾ ಅಲ್ಲಿ ಅಡುಗೆಯವಳು. ಅವಳ ಅಕ್ಕನ ಗಂಡ, ಭಾವ ತೆಯೋಫಿಲೊ ಅಲ್ಲಿನ ವೈದ್ಯ, ಕತ್ತಲಲ್ಲಿ ಒಬ್ಬೊಬ್ಬರ ಚಾಪೆಯೆದುರು ಕೂತು ಹಾಡುವವನು. ನಮ್ಮ ಶಿಪಿಬೊ ಜನಕ್ಕೆ ಕಷಾಯವೆಂದರೆ ಬರೀ ಹೊಸ್ತಿಲು. ವಾಸಿ ಮಾಡುವುದು ಹಾಡು.

ಜಗುಲಿಯಲ್ಲಿ ಅವಳ ತಾಯಿ ಇನಿನ್ ಬಿದಿರುಕಡ್ಡಿಯಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಮಗಳ ಮಾತು ಕೇಳಿಸಿಯೂ ಕೇಳಿಸದವಳಂತಿದ್ದಳು.

"ಅಮ್ಮಾ, ನಿನ್ನೆ ರಾತ್ರಿ ಆ ಸಿಗ್ರಿಡ್ ಅನ್ನೋ ಹುಡುಗಿ ಚಾಪೆ ಹತ್ರ ಭಾವನ ಹಾಡು ನಿಂತೋಯ್ತು. ತುಂಬಾ ಹೊತ್ತು. ಆಮೇಲೆ ಅವಳು 'ಬೇಡ, ಬೇಡ' ಅಂದ್ಲು. ಅಡುಗೆಮನೆಗೆ ಕೇಳಿಸ್ತು."

"ಅವನಿಗೆ ಕೆಮ್ಮು ಬಂದಿರುತ್ತೆ."

"ಕೆಮ್ಮು ಬಂದ್ರೆ ಕೇಳಿಸ್ತಿರ್ಲಿಲ್ವಾ?"

"ನಿನ್ನ ಕಿವಿ ಅಷ್ಟು ಚುರುಕಾಗಿದ್ದಿದ್ರೆ ಸಾರು ಸೀಯೋ ಮುಂಚೆ ಎದ್ದು ಹೋಗ್ತಿದ್ದೆ."

ಬೇಲಿಯಾಚೆಯಿಂದ ಡೆಲ್ಮಿರಾ ನಕ್ಕಳು. ಅವಳು ನಮ್ಮೂರಿನ ಆರೋಗ್ಯ ಕಾರ್ಯಕರ್ತೆ. ಬಾಳೆಹಣ್ಣಿನ ಪಾನಕದ ಬಟ್ಟಲು ಹಿಡಿದೇ ಒಳಗೆ ಬಂದಳು. ಕಸಿಲ್ದಾಳ ಮುಖ ನೋಡುತ್ತಲೇ ಅವಳ ನಗು ಅಡಗಿತು.

"ಆಮೇಲೆ ಏನಾಯ್ತು ಹೇಳೇ."

"ಬೆಳಿಗ್ಗೆಯಿಂದ ಆ ಹುಡುಗಿ ಒಂದು ತುತ್ತೂ ತಿಂದಿಲ್ಲ. 'ನನ್ನ ಪಾಸ್‌ಪೋರ್ಟ್ ಕೊಡಿ, ಹೋಗ್ತೀನಿ' ಅಂದ್ಲು. ಯಜಮಾನ ಎಲ್ರದ್ದನ್ನೂ ತನ್ನ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ದಾನೆ, ಫೋನೂ ಕೂಡ. 'ಇದು ನೀನಲ್ಲ, ನಿನ್ನ ಭಯ ಮಾತಾಡ್ತಿರೋದು. ಇವತ್ತು ರಾತ್ರಿ ಇನ್ನೊಂದು ಬಟ್ಟಲು ಕುಡಿ, ಸರಿಹೋಗುತ್ತೆ' ಅಂದ."

"ಇವತ್ತೇ ರಾತ್ರೀನಾ? ಅವಳು ಬೇರೆ ಮಾತ್ರೆ ಏನಾದ್ರೂ ತಗೋತಾಳಾ ಅಂತ ಯಾರಾದ್ರೂ ಕೇಳಿದ್ರಾ?"

"ಯಾರು ಕೇಳ್ತಾರೆ? ಬಾಳೆಕಾಯಿ ಬೇಯಿಸ್ಲಾ ಸುಡ್ಲಾ ಅಂತ ನಾನು ಕೇಳಿದ್ದೇ ಹೆಚ್ಚು."

"ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಮಾತ್ರೆಗೂ ಈ ಕಷಾಯಕ್ಕೂ ಆಗಿಬರಲ್ಲ, ಜೀವಾನೇ ಹೋಗ್ಬಹುದು. ಕೇಳದೆ ಕುಡಿಸೋದೇ ತಪ್ಪು. ಹೋಗ್ತೀನಿ ಅಂದೋರನ್ನ ಕೂಡಿಹಾಕೋದು ಇನ್ನೊಂದು ತಪ್ಪು. ಬೇಡ ಅಂದ್ಮೇಲೂ..." ಡೆಲ್ಮಿರಾ ಬಟ್ಟಲನ್ನು ಕುಕ್ಕಿ ಇಟ್ಟಳು. "ಅಜ್ಜಿ, ದೂರು ಕೊಡೋಣ."

"ತಪ್ಪು ಮಾಡಿದ್ರೆ ಆ ಬಳ್ಳೀನೇ ಶಿಕ್ಷೆ ಕೊಡುತ್ತೆ. ನಮಗ್ಯಾಕೆ?"

"ಅಯ್ಯೋ ಅಜ್ಜಿ! ಬಳ್ಳಿಗೆ ಕಾಲಿದ್ಯಾ ಠಾಣೆಗೆ ನಡ್ಕೊಂಡು ಹೋಗೋಕೆ?"

"ಅಳಿಯ ಸಿಟ್ಟಾಗಿ ಗಾಳೀಲಿ ಮಾಟದ ಮುಳ್ಳು ಬಿಟ್ರೆ?"

"ಬಿಡ್ಲಿ. ಅದಕ್ಕೆ ಹೆದರಿ ಆ ಹುಡುಗೀನ ಬಿಟ್ಟುಕೊಡೋಕಾಗುತ್ತಾ?"

"ಶಿಪಿಬೊ ವೈದ್ಯಕ್ಕೇ ಕೆಟ್ಟ ಹೆಸರು ಬರುತ್ತಲ್ಲೇ!"

"ಕೆಟ್ಟ ಹೆಸರು ತರೋದು ದೂರು ಕೊಟ್ಟೋರಾ, ಕೈ ಹಾಕಿದೋರಾ? ಸಾಕಾಗಿಹೋಗಿದೆ ನನಗೆ. ಯಾವ ಮನೆಗೆ ಹೋದ್ರೂ ಇದೇ ರಾಗ. ಅವನು ನಮ್ಮೋನು, ಅವಳು ಪರದೇಶದೋಳು. ಅವಳೂ ಒಬ್ಬ ತಾಯಿ ಮಗಳು ತಾನೇ?"

ಕಸಿಲ್ದಾ ಹಂಡೆ ಬಿಟ್ಟು ಎದ್ದು ಬಂದು ತಾಯಿಯ ಪಕ್ಕ ಕೂತಳು.

"ಅಮ್ಮಾ, ಭಾವ ಹಾಡಿದ್ದು ಅಪ್ಪ ಕಲಿಸಿಕೊಟ್ಟ ಹಾಡೇ. ಕೇಳು." ಅವಳು ಮೆಲ್ಲಗೆ ಹಾಡಿದಳು:

*ನಿನ್ನ ಮೈಯೆಂಬ ಮನೆಯ ಕದವ*
*ಹಾಡಿನಿಂದಲೇ ತೆರೆಯುವೆ...*

"ಇಲ್ಲಿ. ಇಲ್ಲೇ ನಿಂತಿದ್ದು."

ಇನಿನ್‌ಳ ತುಟಿ ತಾನಾಗಿ ಅಲುಗಿತು. ಗಂಡನ ಬಾಯಿಂದ ಆಯುಷ್ಯವಿಡೀ ಕೇಳಿದ ಹಾಡು ಅದು. ಉಳಿದ ಸಾಲು ತಡೆಯದೆ ಹೊರಬಂತು:

*ಒಳಗೆ ಕಾಲಿಡೆನು, ಹೊರಗೆ ಕುಳಿತೇ*
*ಹಾಡಿನಿಂದಲೇ ಮುಚ್ಚುವೆ.*

ಕಡ್ಡಿಯ ತುದಿಯಲ್ಲಿ ಬಣ್ಣ ಒಣಗುತ್ತಿತ್ತು.

"ಮುಚ್ಚಲೇ ಇಲ್ವೇನೇ ಅವನು?"

"ಇಲ್ಲಮ್ಮ."

"ತೆರೆದ ಮೈನ ಹಾಗೇ ಬಿಟ್ನಾ? ಜ್ವರದಲ್ಲಿ ನಡುಗ್ತಿದ್ದಾಗ್ಲೂ ನಿಮ್ಮಪ್ಪ ಈ ಸಾಲು ಬಿಟ್ಟೋನಲ್ಲ." ಅವಳು ಕಡ್ಡಿ ಕೆಳಗಿಟ್ಟು ಕೇಳಿದಳು: "ಹಾಡು ನಿಂತಾಗ ಅವನ ಕೈ ಎಲ್ಲಿತ್ತು?"

ಡೆಲ್ಮಿರಾ ತನ್ನ ಫೋನು ಹೊರತೆಗೆದಳು.

"ಫೋನ್ ಮಾಡೇ ಡೆಲ್ಮಿರಾ," ಎಂದಳು ಇನಿನ್.

ಡೆಲ್ಮಿರಾ ಮಹಿಳಾ ಸಹಾಯವಾಣಿಗೆ ಕರೆ ಮಾಡಿದಳು. ಕಸಿಲ್ದಾ ತಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಿದಳು. ಊಹೆ ಸೇರಿಸಲಿಲ್ಲ. ಆಮೇಲೆ ಠಾಣೆಗೆ ಮಾಡಿದರೆ ಅಲ್ಲಿದ್ದವನು ಆಕಳಿಸುತ್ತ, "ಆ ಹುಡುಗೀನೇ ಬಂದು ದೂರು ಕೊಡ್ಲಿ" ಎಂದ.

"ಹೊರಗೆ ಬಿಟ್ರೆ ತಾನೇ ಬರೋದು? ಕೆರೆ ಈಜ್ಕೊಂಡು ಬರ್ಬೇಕಾ?" ಡೆಲ್ಮಿರಾ ಕಿರುಚಿದ ದನಿಗೆ ಕೋಳಿಗಳು ಚದುರಿದವು. "ನಿಮ್ಮ ಹೆಸರು ಹೇಳಿ. ಸಹಾಯವಾಣಿಯವರಿಗೆ ತಿಳಿಸ್ತೀನಿ."

ಹೆಸರು ಕೇಳಿದ ಮೇಲೆ ಪೊಲೀಸರಿಗೆ ಮದ್ದಿನ ಮನೆಗೆ ಹೋಗಲು ದೋಣಿ ಸಿಕ್ಕಿತು. ಹೊತ್ತು ಮುಳುಗುವ ಮೊದಲೇ ಸಿಗ್ರಿಡ್ ತನ್ನ ಚೀಲ, ಪಾಸ್‌ಪೋರ್ಟ್ ಹಿಡಿದು ಈ ದಡಕ್ಕೆ ಬಂದಳು. ಆರೋಗ್ಯ ಕೇಂದ್ರದಲ್ಲಿ ಮಹಿಳಾ ಅಧಿಕಾರಿಯ ಮುಂದೆ ತನ್ನ ಕಥೆಯನ್ನು ತಾನೇ ಹೇಳಿದಳು. ಅದೇ ವಾರ, ಹಿಂದೆ ಅಲ್ಲಿದ್ದು ಹೋದ ಇನ್ನೊಬ್ಬಳೂ ತನ್ನ ದೇಶದಿಂದಲೇ ದೂರು ಬರೆದಳು. ಇಷ್ಟು ದಿನ ತನ್ನನ್ನು ಯಾರೂ ನಂಬುವುದಿಲ್ಲ ಎಂದುಕೊಂಡಿದ್ದಳಂತೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮದ್ದಿನ ಮನೆಯಿರಲಿ, ಆಶ್ರಮವಿರಲಿ, ಶಿಬಿರವಿರಲಿ, ನಿಮ್ಮ ಆರೋಗ್ಯ ವಿಚಾರಿಸದೆ ಏನನ್ನಾದರೂ ಕುಡಿಸಿದರೆ ಕುಡಿಯಬೇಡಿ. ಗುರುತಿನ ಚೀಟಿ, ಫೋನು ಕಿತ್ತಿಟ್ಟರೆ ಎಚ್ಚರವಾಗಿ. ಮೈಮುಟ್ಟುವುದೇ ಚಿಕಿತ್ಸೆ ಎಂದವನನ್ನು, 'ಬೇಡ' ಎಂದಾಗ ಅದು ನಿನ್ನ ಭಯ ಎಂದವನನ್ನು ನಂಬಬೇಡಿ. ಅಲ್ಲಿ ಕಸ ಗುಡಿಸುವವರು, ದೋಣಿ ನಡೆಸುವವರು ನೀವಾಗಿದ್ದರೂ, ಕಿವಿಗೆ ಬಿದ್ದದ್ದನ್ನು ನುಂಗಿಕೊಳ್ಳಬೇಡಿ. ಪೊಲೀಸರಿಗೆ, ಮಹಿಳಾ ಸಹಾಯವಾಣಿಗೆ ತಿಳಿಸಿ. ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೆ ಹೇಳಿ. ದೇವರ ಹೆಸರಿನಲ್ಲಿ ನಡೆದರೂ ಹಿಂಸೆ ಹಿಂಸೆಯೇ.

ವಿಚಾರಣೆ ಇನ್ನೂ ನಡೆಯುತ್ತಿದೆ. ಮೊನ್ನೆ ತೆಯೋಫಿಲೊ ಅಂಗಳದ ಅಂಚಿಗೆ ಬಂದ. ನಮ್ಮಲ್ಲಿ ಅಳಿಯ ವಾಸಿಸುವುದು ಅತ್ತೆಯ ಅಂಗಳದಲ್ಲೇ. ಆದರೆ ಅವನ ಹಾಸಿಗೆ ಬಟ್ಟೆಯ ಗಂಟನ್ನು ಹೆಂಡತಿ ಆಗಲೇ ಬೇಲಿಯ ಹೊರಗಿಟ್ಟಿದ್ದಳು.

"ಅತ್ತೆ, ನಾಳೆ ಅಧಿಕಾರಿ ನಿಮ್ಮನ್ನೂ ಕೇಳೋಕೆ ಬರ್ತಾರೆ. ಹಾಡು ಅಲ್ಲಿ ನಿಲ್ಲಿಸೋದೇ ನಮ್ಮ ಪದ್ಧತಿ ಅಂತ ಒಂದು ಮಾತು ಹೇಳಿ, ಸಾಕು. ನೀವು ಹೇಳಿದ್ರೆ ಎಲ್ರೂ ನಂಬ್ತಾರೆ."

ಇನಿನ್ ಎಳೆಯುತ್ತಿದ್ದ ಗೆರೆಯನ್ನು ಮುಗಿಸಿ ತಲೆಯೆತ್ತಿದಳು.

"ಹೇಳಲ್ಲ."