ಆನ್‌ಲೈನ್‌ನಲ್ಲಿದ್ದ ಅಮರಗುಂಡಪ್ಪ

ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಶಿವಗಂಗಾ ಮಸ್ಕಿಯಿಂದ ಸಿಂಧನೂರಿಗೆ ಬಂದದ್ದು ಇದು ಎರಡನೆಯ ಸಲ. ಉಸ್ಮಾನ್‌ಸಾಬರ ಹಳೆಯ ರೇಡಿಯೋ ಅಂಗಡಿಯಲ್ಲಿ ಈಗ ಅವರ ಮಗಳು ವಸೀಮಾ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಹೋದ ತಿಂಗಳು ಅವಳೇ ಇದರ ಒಳಗಿನ ಧೂಳು ಊದಿ, ಪ್ರೊಸೆಸರ್ ಬಿಸಿಯಾಗದಂತೆ ಹಚ್ಚಿ ಈಗ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ವೈರಸ್ ಇಲ್ಲವೆಂದು ನೋಡಿ ಕಳಿಸಿದ್ದಳು.

"ಮತ್ತ ಅದೇ ರಗಳಿ ಅಕ್ಕ," ಎಂದಳು ಶಿವಗಂಗಾ. "ಇಲ್ಲಿ ಚಲೋ ಇತ್ತು. ಮಸ್ಕ್ಯಾಗ ಹಚ್ಚಿದ ಕೂಡಲೇ ಫ್ಯಾನು ಬೊಬ್ಬಿ ಹೊಡಿಯಾಕತ್ತಿತು. ಒಂದು ಪಿಂಚಣಿ ಅರ್ಜಿ ತುಂಬೂದ್ರಾಗ ಮೂರು ಸಲ ನಿಂತು ಹೋತು. ಮುದುಕರು ಬಾಗಲದಾಗ ಕುಂತು ಕುಂತು ಎದ್ದು ಹೋಗ್ಯಾರ."

ವಸೀಮಾ ತುಸು ಯೋಚಿಸಿದಳು. ಹೋದ ಸಲ ಪರೀಕ್ಷೆ ಮಾಡುವಾಗ ನೆಟ್ ಹಚ್ಚಿರಲಿಲ್ಲ. ಈ ಸಲ ತನ್ನ ಮೊಬೈಲಿನಿಂದಲೇ ನೆಟ್ ಕೊಟ್ಟಳು. ಒಂದು ನಿಮಿಷ ಆಗಿರಲಿಲ್ಲ, ಫ್ಯಾನು ಜೋರಾಯಿತು. ಒಳಗೆ ಏನೇನು ನಡೆದಿದೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿನ ಬಳಕೆ ಶೇಕಡಾ ತೊಂಬತ್ನಾಲ್ಕು. ಅದರಲ್ಲಿ ಬಹುಪಾಲು ನುಂಗುತ್ತಿದ್ದದ್ದು ಒಂದೇ ಒಂದು, ಗೇಮ್ ಲಾಂಚರ್.

"ಇದು ಆಟ ಚಾಲೂ ಮಾಡೂ ಸಾಫ್ಟ್‌ವೇರು," ಎಂದು ವಸೀಮಾ ಬೆರಳಿಟ್ಟು ತೋರಿಸಿದಳು. "ಕಂಪ್ಯೂಟರ್ ಹಚ್ಚಿದ ಕೂಡಲೇ ತಾನ ಏಳ್ತೈತಿ. ನೆಟ್ ಸಿಕ್ರ ಆಟದ ಹೊಸಾದು ಇಳಿಸ್ಕೋಬೇಕಂತ ನೋಡ್ತೈತಿ, ಡಿಸ್ಕಿನ್ಯಾಗ ಜಾಗಾ ಇಲ್ಲ. ಮತ್ತ ಮೊದಲಿಂದ ಸುರು. ದಿನಾ ಪೂರಾ ಇದೇ ಮಾಡಾಕತ್ತೈತಿ. ಯಾರು ಆಡ್ತಾರ ಇದರಾಗ?"

"ಯಾರೂ ಆಡಂಗಿಲ್ಲಕ್ಕ." ಶಿವಗಂಗಾ ಪರದೆ ನೋಡಿದಳು. "ನಮ್ಮಣ್ಣ ಆಡ್ತಿದ್ದ."

ತಹಶೀಲ್ ಕಚೇರಿಯ ಎದುರಿನ ಅರ್ಜಿ ತುಂಬುವ ಅಂಗಡಿ ಮೊದಲು ಅವಳ ಅಣ್ಣ ಅಮರಗುಂಡಪ್ಪನದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ, ಒಂದು ಶನಿವಾರ ಸಂಜೆ, ಸಿಂಧನೂರು ರಸ್ತೆಯಲ್ಲಿ ಭತ್ತದ ಲಾರಿಯೊಂದು ಅವನ ಬೈಕಿಗೆ ಬಡಿಯಿತು. ಆಸ್ಪತ್ರೆಯವರೆಗೂ ಉಸಿರು ಉಳಿಯಲಿಲ್ಲ. ಇಪ್ಪತ್ತು ದಿನ ಬಿಟ್ಟು ಶಿವಗಂಗಾ ಅಂಗಡಿಯ ಬಾಗಿಲು ತೆಗೆದಳು, ಅದೇ ಕುರ್ಚಿ, ಅದೇ ಕಂಪ್ಯೂಟರ್.

ಲಾಂಚರ್ ಯಾಕೆ ಸಿಕ್ಕಿಹಾಕಿಕೊಂಡಿದೆಯೆಂದು ನೋಡಲು ವಸೀಮಾ ಅದನ್ನು ತೆರೆದಳು. ಪಾಸ್‌ವರ್ಡ್ ಕೇಳಲಿಲ್ಲ. 'ಅಮರ್' ಎಂಬ ಹೆಸರಿನ ಪಕ್ಕ, ಆನ್‌ಲೈನ್ ಇದ್ದಾನೆಂದು ತೋರಿಸುವ ಹಸಿರು ಚುಕ್ಕೆ. ಕೆಳಗೆ, ನೆಟ್‌ನಲ್ಲಿ ಅವನ ಜೊತೆ ಆಡುತ್ತಿದ್ದ ಹನ್ನೊಂದು ಮಂದಿ ಗೆಳೆಯರ ಹೆಸರು. ಅದರಲ್ಲಿ ಶರಣಬಸವ ಎಂಬುವನಿಂದ ಓದದ ಸಂದೇಶಗಳ ರಾಶಿ.

"ಓದ್ಲೇನು?" ಎಂದಳು ವಸೀಮಾ. ಶಿವಗಂಗಾ ತಲೆಯಾಡಿಸಿದಳು.

ಮೊದಲಿನವು ಅಪಘಾತದ ಮರುದಿನದ, ಆ ಭಾನುವಾರದವು. 'ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ ಅದೀನಿ. ಶಾಸನದ ಗುಡ್ಡ ತೋರಸ್ತೀನಿ ಅಂದಿದ್ದೆಲ್ಲ, ಎಲ್ಲಿದ್ದೀ?' 'ಫೋನ್ ಬಂದ್ ಐತಲ್ಲೋ.' 'ಎರಡು ಹೊಡೀತು. ಲಿಂಗಸುಗೂರು ಬಸ್ ಹತ್ತಿನಿ.' ಮುಂದಿನದು ಇಪ್ಪತ್ತು ದಿನದ ಮೇಲೆ. 'ಆನ್‌ಲೈನ್ ಕಾಣಾಕತ್ತೀಯಲ್ಲ. ಒಂದು ಮಾತರ ಆಡೋ ಲೇ. ನಂಬರ್ ಕಳಕೊಂಡಿದ್ರ ಇದು ತಗೋ.' ಆಮೇಲೆ ವಾರಕ್ಕೊಂದು, ಹದಿನೈದು ದಿನಕ್ಕೊಂದು. 'ದಿನಾ ಹತ್ತಕ್ಕ ಬರ್ತಿ, ಐದಕ್ಕ ಹೋಗ್ತಿ. ನಾ ಏನು ತಪ್ಪು ಮಾಡೀನಿ?' ಕೊನೆಯದು ಎರಡು ತಿಂಗಳ ಹಿಂದಿನದು. 'ಲೇ, ಹೋಗಿ ಸಾಯಿ. ಇನ್ನ ನಾ ಕೇಳಂಗಿಲ್ಲ.'

ಶಿವಗಂಗಾ ಎರಡು ಸಲ ಓದಿದಳು. ಆಮೇಲೆ ತನ್ನ ಮೊಬೈಲ್ ತೆಗೆದು, ಪರದೆಯ ಮೇಲಿದ್ದ ನಂಬರನ್ನು ನಿಧಾನವಾಗಿ ಒತ್ತಿದಳು. ಸ್ಪೀಕರ್ ಹಾಕಿದಳು, ಒಬ್ಬಳೇ ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲವೇನೋ.

"ಯಾರ್ರಿ?"

"ನಾ ಮಸ್ಕಿಯಿಂದ್ರಿ. ಆಟದಾಗ ಅಮರ್ ಅಂತ ಇದ್ದನಲ್ರಿ, ಅವನ ತಂಗಿ."

"ಓಹೋ. ಈಗ ತಂಗಿ ಕಡಿಂದ ಮಾತಾಡಸ್ತಾನೇನು? ಅವಗ ಬಾಯಿಲ್ಲೇನು?"

"ಅಣ್ಣ ತೀರಿಕೊಂಡಾನ್ರಿ. ನೀವು ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ರೆಲ್ಲ, ಅವತ್ತೇ ಮಣ್ಣು ಮಾಡಿದ್ವಿ."

ಆ ಕಡೆ ಯಾರೋ ಕೆಮ್ಮಿನ ಔಷಧ ಕೇಳಿದ್ದು ಕೇಳಿಸಿತು. ಅವನು ಔಷಧ ಅಂಗಡಿಯಲ್ಲಿ ಇರಬೇಕು.

"ಸುಳ್ಳು ಹೇಳಬ್ಯಾಡ್ರಿ. ನಿನ್ನೆ ಸುದ್ದಾ ಆನ್‌ಲೈನ್ ಇದ್ದ."

"ಅದು ನಾನ್ರಿ. ಅರ್ಜಿ ತುಂಬಾಕತ್ತಿದ್ದೆ. ಅದು ತಾನ ಚಾಲೂ ಆಗ್ತಿತ್ತಂತ. ನನಗ ಗೊತ್ತಿರಲಿಲ್ರಿ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ವಸೀಮಾ ಚಹಾ ತರಿಸಿದಳು. ಶಿವಗಂಗಾ ಮುಟ್ಟಲಿಲ್ಲ. ವಸೀಮಾ ಕೇಳಿದಳು, "ಏನು ಮಾಡ್ಲಿ ಗಂಗಾ? ತಾನ ಏಳದಂಗ ಮಾಡಿ ಹಂಗ ಇಡಬಹುದು. ಪೂರಾ ತಗದ್ರ ಮತ್ತ ಒಳಗ ಹೋಗಾಕ ಪಾಸ್‌ವರ್ಡ್ ಬೇಕು. ಅದು ಅವಗಷ್ಟೇ ಗೊತ್ತಿತ್ತು. ಅವನ ಹೆಸರು, ಆಟ, ಮಾತು, ಒಂದೂ ಸಿಗಂಗಿಲ್ಲ."

"ಇನ್ನ ಹತ್ತು ಮಂದಿ ಅದಾರಲ್ಲಕ್ಕ. ಅವರೂ ಹಿಂಗ ನೋಡಾಕತ್ತಿದ್ರ?"

ಅವಳು ಕೀಲಿಮಣೆ ತನ್ನತ್ತ ಎಳೆದುಕೊಂಡಳು. ಹತ್ತೂ ಜನಕ್ಕೆ ಒಂದೊಂದಾಗಿ ಅದೇ ಸಾಲು ಬರೆದಳು. 'ನಾನು ಅಮರನ ತಂಗಿ. ಅಣ್ಣ ಇಲ್ಲ. ಕಾಯಬೇಡಿ.' ಏಳನೆಯದಕ್ಕೆ ಬರುವಾಗ ಕಣ್ಣು ಮಂಜಾಗಿ ತಪ್ಪು ಅಕ್ಷರ ಬಿತ್ತು. ಅಳಿಸಿ ಮತ್ತೆ ಬರೆದಳು. ಎಲ್ಲ ಮುಗಿದ ಮೇಲೆ, "ಪೂರಾ ತಗೀರಿ," ಎಂದಳು.

ವಸೀಮಾ ತೆಗೆದಳು. ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿದಾಗ ಪ್ರೊಸೆಸರಿನ ಬಳಕೆ ಶೇಕಡಾ ಆರಕ್ಕೆ ಇಳಿದಿತ್ತು. ಕೆಲಸ ಸರಿಯಾಗಿದ್ದಕ್ಕೆ ಯಾವತ್ತಿನಂತೆ ಅವಳಿಗೆ ಖುಷಿಯಾಗಲಿಲ್ಲ.

ಎಂಟು ದಿನದ ಮೇಲೆ, ಬೆಳಿಗ್ಗೆ, ಒಬ್ಬ ತೆಳ್ಳನೆಯ ಹುಡುಗ ಮನೆ ಕೇಳಿಕೊಂಡು ಮಸ್ಕಿಗೆ ಬಂದ. ಇಪ್ಪತ್ತೈದರ ಸುಮಾರು. ಶಿವಗಂಗಾಗೆ ಹೆಸರು ಹೇಳುವ ಮೊದಲೇ ಗೊತ್ತಾಯಿತು. ಅವಳ ತಾಯಿ ಅಂಬಮ್ಮ ಚಾಪೆ ಹಾಸಿ ಕೂರಿಸಿದಳು.

"ನೀ ಯಾರಪ?"

"ಅಮರನ ಗೆಳೆಯ್ರಿ ಅವ್ವಾ. ಲಿಂಗಸುಗೂರಿಂದ ಬಂದೀನಿ."

"ಮಣ್ಣಿಗೆ ಬಂದಿದ್ದೇನಪ? ನೋಡಿದಂಗಿಲ್ಲ."

ಶರಣಬಸವ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟ. "ಅವತ್ತು ನಾ ಇದೇ ಊರಾಗಿದ್ನಿರಿ. ಬಸ್‌ಸ್ಟ್ಯಾಂಡ್ ಮುಂದ ಯಾರದೋ ಮಣ್ಣು ಹೊಂಟಿತ್ತು. ಚಪ್ಪಲಿ ಬಿಟ್ಟು ಕೈ ಮುಗದೆ. ಮಾರಿ ನೋಡಲಿಲ್ಲ. ನೋಡಿದ್ರೂ ಗುರ್ತು ಸಿಗ್ತಿದ್ದಿಲ್ಲರಿ, ನಾ ಅವನ್ನ ನೋಡೇ ಇರಲಿಲ್ಲ. ಬರೇ ದನಿ ಗೊತ್ತಿತ್ತು."

ಅಂಬಮ್ಮನಿಗೆ ಇದೆಂಥ ಗೆಳೆತನವೆಂದು ತಿಳಿಯಲಿಲ್ಲ. ಆದರೂ ಅವನ ತಲೆ ಸವರಿದಳು. "ಕೈಯರ ಮುಗದಿಯಲ್ಲ ಮಗನ," ಎಂದಳು. ಗೋಡೆಯ ಮೇಲಿನ ಫೋಟೋ ತೋರಿಸಿದಳು. ಅವನು ಎದ್ದು ಹತ್ತಿರ ಹೋಗಿ, ಮೊದಲ ಬಾರಿಗೆ ಆ ಮುಖವನ್ನು ನೋಡುತ್ತ ನಿಂತ.

ಹೊರಟಾಗ ಶಿವಗಂಗಾ ಬೀದಿಯವರೆಗೆ ಬಂದಳು. ಅವನು ತಿರುಗಿ ನೋಡದೆ ಕೇಳಿದ, "ನಾ ಕಟ್ಟಕಡೀಗೆ ಹಾಕಿದ ಮೆಸೇಜು... ಅವ್ವಾರಿಗೆ ಗೊತ್ತೇನ್ರಿ?"

"ಇಲ್ರಿ. ಎಲ್ಲಾ ತಗದು ಹಾಕೀವಿ."

"ನಾ ಬರದದ್ದು ನನಗ ಗೊತ್ತೈತಲ್ರಿ," ಎಂದ.

ಶಾಸನದ ಗುಡ್ಡವನ್ನಾದರೂ ನೋಡಿಕೊಂಡು ಹೋಗಿರೆಂದು ಅವಳು ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಶಿವಗಂಗಾ ಅಂಗಡಿಗೆ ಹೋದಳು. ಬಾಗಿಲಲ್ಲಿ ಪಾಮನಕಲ್ಲೂರಿನಿಂದ ಬಂದ ಗದ್ದೆಮ್ಮ ಎಂಬ ಮುದುಕಿ, ವಿಧವಾ ವೇತನದ ಕಾಗದಗಳನ್ನು ಸೆರಗಿನಲ್ಲಿ ಹಿಡಿದು ಕೂತಿದ್ದಳು. ಶಿವಗಂಗಾ ಅವಳನ್ನು ಒಳಗೆ ಕರೆದು ಕಂಪ್ಯೂಟರ್ ಹಚ್ಚಿದಳು, ಫ್ಯಾನು ಬೊಬ್ಬೆ ಹೊಡೆಯಲಿಲ್ಲ.