ಬೀಗದವನ ಬೀರು

ನಲವತ್ತೊಂದನೆಯ ಕೀಲಿಕೈಯೂ ತಿರುಗಲಿಲ್ಲ. ಮೈದುನ ಗೊಂಚಲನ್ನು ಮೇಜಿನ ಮೇಲೆ ಕುಕ್ಕಿದ.

"ಊರಿನ ಬೀಗವೆಲ್ಲ ತೆಗೀತಿದ್ದ ನಮ್ಮಣ್ಣ, ತನ್ನ ಬೀರು ಕೀಲಿಕೈ ಎಲ್ಲಿಟ್ಟೆ ಅಂತ ಮಾತ್ರ ಹೇಳದೆ ಹೋಗ್ಬಿಟ್ಟ ನೋಡಿ ಅತ್ತಿಗೆ!"

ಬೀರುವಿನ ಎದುರಿನ ಮಂಚದಲ್ಲಿ ಬೀಗ ರಿಪೇರಿ ಅಂಗಡಿಯ ಯಜಮಾನ ಹಳೇ ಬನಿಯನ್ನಿನಲ್ಲಿ ಮಲಗಿದ್ದ. ಇದ್ದೊಂದು ಒಳ್ಳೆಯ ಕೋಟು ಬೀರುವಿನೊಳಗಿತ್ತು. ಹನ್ನೊಂದಕ್ಕೆ ಸ್ಮಶಾನದ ವ್ಯಾನು ಬರುವುದಿತ್ತು. ಹೆಂಡತಿ ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಎಡಚನನ್ನ ಕರೆಸು," ಎಂದಳು.

"ಅವನನ್ನಾ? ಇವತ್ತೇ? ನೋಡಿದೋರು ಏನಂದ್ಕೋತಾರೆ?"

"ಇಪ್ಪತ್ತೆಂಟು ವರ್ಷದಿಂದ ಅಂದ್ಕೋತಾನೇ ಇದಾರಲ್ಲ. ನಿಮ್ಮಣ್ಣನ್ನ ಬನಿಯನ್ನಲ್ಲೇ ಕಳಿಸ್ತೀಯಾ?"

ಎಡಚ ಒಂದು ಕಾಲಕ್ಕೆ ಅಂಗಡಿಯ ಪಾಲುದಾರ. ಇಪ್ಪತ್ತೆಂಟು ವರ್ಷದ ಹಿಂದೆ ಯಜಮಾನ ಅವನನ್ನು ಕಾರಣ ಹೇಳದೆ ಹೊರಗೆ ಹಾಕಿದ್ದ. ಆಮೇಲಿಂದ ಎರಡು ತಿಂಗಳಿಗೊಮ್ಮೆ ಮನೆಯ ಮುಂಬಾಗಿಲಿನ ಬೀಗ ಬದಲಾಗುತ್ತಿತ್ತು. ಅವರ ಮನೆಯಲ್ಲಿ ಕಳ್ಳ ಹೊತ್ತೊಯ್ಯುವಂಥದ್ದು ಏನಿತ್ತೋ! ಪ್ರತಿ ಸಲವೂ ಗಂಡ ಹೊಸ ಕೀಲಿಕೈಯನ್ನು ಮೊದಲು ಅವಳ ಕೈಗೇ ಕೊಟ್ಟು, ಮುಖ ನೋಡದೆ ಒಳಗೆ ಹೋಗುತ್ತಿದ್ದ. ಏನಾಯಿತೆಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದ. ಯಾವ ತಪ್ಪಿಗೆ ಈ ಶಿಕ್ಷೆಯೆಂದು ತಿಳಿಯದೆ ಅವಳ ಅರ್ಧ ಆಯುಷ್ಯ ಕಳೆದಿತ್ತು. ಈಗ ಕೇಳೋಣವೆಂದರೆ ಹೇಳುವವನೇ ಇಲ್ಲ. ಅವಳಿಗೆ ಅಳುವಿಗಿಂತ ಹೆಚ್ಚು ಸಿಟ್ಟು ಬಂದಿತ್ತು.

ಎಡಚ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಣದ ಕಡೆ ಒಮ್ಮೆ ನೋಡಿ, ಬೀರುವಿನ ಮುಂದೆ ಮಂಡಿಯೂರಿದ.

"ಸ್ವಲ್ಪ ಬೆಳಕು ಬಿಡಿ," ಎಂದ ಅವಳಿಗೆ. ಹತ್ತು ನಿಮಿಷ ಬೆವರಿದ ಮೇಲೆ ಕಟಕ್ಕೆಂದು ಸದ್ದಾಯಿತು. "ಅವನೇ ಮಾಡಿದ ಬೀಗ. ಕೆಲಸದಲ್ಲಿ ಅವನನ್ನ ಮೀರ್ಸೋರಿಲ್ಲ."

ಅವಳು ಕೋಟನ್ನು ಎಳೆದಳು. ಅದರಡಿಯಿಂದ ಒಂದು ಲಕೋಟೆ ಜಾರಿ ನೆಲಕ್ಕೆ ಬಿತ್ತು. ಮೇಲೆ ಎಡಚನ ಹೆಸರು. ಅಕ್ಷರ ಅವಳದು. ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು.

*

ಇಪ್ಪತ್ತೆಂಟು ವರ್ಷದ ಹಿಂದೆ ಒಂದು ದಿನ ಮೂವರೂ ಒಂದು ಹಳೇ ಕಪ್ಪುಬಿಳುಪು ಸಿನಿಮಾಕ್ಕೆ ಹೋಗಿದ್ದರು. ಪರದೆಯ ಮೇಲೂ ಹೆಂಡತಿ, ಗಂಡ, ಗಂಡನ ಗೆಳೆಯ. ಹೊಟ್ಟೆಕಿಚ್ಚು ತಾಳಲಾರದ ಗಂಡ ಪಿಸ್ತೂಲು ಹುಡುಕುವಷ್ಟರಲ್ಲಿ ಮಧ್ಯಂತರ. ಯಜಮಾನ ಟೀ ತರಲು ಎದ್ದ. "ಇಷ್ಟಕ್ಕೆಲ್ಲ ಯಾರಾದ್ರೂ ಗುಂಡು ಹಾರಿಸ್ತಾರಾ? ಬಾಯ್ಬಿಟ್ಟು ಕೇಳಿದ್ರೆ ಮುಗೀತಪ್ಪ," ಎಂದು ನಕ್ಕು ಹೋದ.

ಆಗ ಎಡಚ ಪರದೆಯ ಕಡೆ ನೋಡುತ್ತಲೇ ಕೇಳಿದ: "ನನ್ ಜೊತೆ ಬರ್ತೀಯಾ? ಬೇರೆ ಊರಲ್ಲಿ ಅಂಗಡಿ ಹಾಕೋಣ."

ಎರಡು ದಿನ ಅವಳ ಮನಸ್ಸು ಹೊಯ್ದಾಡಿದ್ದು ಸುಳ್ಳಲ್ಲ. ಮೂರನೆಯ ದಿನ ಉತ್ತರ ಬರೆದು, ಅಂಗಡಿಯಲ್ಲಿ ಎಡಚನ ಹತ್ಯಾರದ ಪೆಟ್ಟಿಗೆಯೊಳಗೆ ಇಟ್ಟು ಬಂದಳು. ಮರುದಿನ ಅದು ಅಲ್ಲಿರಲಿಲ್ಲ. ಓದಿಕೊಂಡಿದ್ದಾನೆ, ಅದಕ್ಕೇ ಆಮೇಲೆ ತನ್ನ ಕಡೆ ಸುಳಿಯಲಿಲ್ಲ ಎಂದುಕೊಂಡಿದ್ದಳು. ಕೀಲಿಕೈ ಉಜ್ಜುವ ಅರ ಹುಡುಕುತ್ತ ಆ ಪೆಟ್ಟಿಗೆಗೆ ಗಂಡನೂ ಕೈ ಹಾಕಬಹುದೆಂದು ಅವಳಿಗೆ ಒಮ್ಮೆಯೂ ಹೊಳೆಯಲಿಲ್ಲ.

*

"ನೋಡಿದ್ರಾ!" ಮೈದುನ ಲಕೋಟೆಗೆ ಬಗ್ಗಿದ. "ಅಣ್ಣ ಸುಮ್ಸುಮ್ನೆ ಕೊರಗ್ತಿರಲಿಲ್ಲ."

ಅವಳು ಅದನ್ನು ಕಿತ್ತುಕೊಂಡಳು. ಯಾವ ಬೀಗಕ್ಕೂ ಜಗ್ಗದವನು ಇಷ್ಟು ಅಂಟಿಗೆ ಹೆದರಿ ಕೂತಿದ್ದನೇ!

"ನನಗೆ ಬರೆದಿದ್ದಾ?" ಎಡಚ ಎದ್ದು ನಿಂತ. "ನೀನು ಉತ್ತರಾನೇ ಕೊಡಲಿಲ್ಲ ಅಂತ ನಾನು..."

ಅವಳು ಅವನತ್ತ ತಿರುಗಲಿಲ್ಲ. ಲಕೋಟೆ ಹರಿದು ಮಂಚದ ಅಂಚಿಗೆ ಕೂತಳು. ಗಂಡನ ಕಿವಿ ಈಚೆಗೆ ಮಂದವಾಗಿತ್ತು. ಅವನ ಬಲಗಿವಿಯ ಹತ್ತಿರ ಬಾಗಿ, ಅಂಗಳದವರಿಗೂ ಕೇಳುವಷ್ಟು ಜೋರಾಗಿ ಓದತೊಡಗಿದಳು.

"ನಾನು ಬರೋದಿಲ್ಲ. ಅವರಿಗೆ ನಿನ್ನ ಹಾಗೆ ಮಾತಾಡಕ್ಕೆ ಬರಲ್ಲ. ಸಿನಿಮಾಕ್ಕೆ ಹೋದ್ರೆ ಅರ್ಧಕ್ಕೇ ನಿದ್ದೆ ಹೊಡೀತಾರೆ. ಆದ್ರೂ ನನಗೆ ಅವರೇ ಬೇಕು..."

ಎಡಚ ಬೀಗ ತೆಗೆದ ತಂತಿಯನ್ನು ಜೇಬಿಗೆ ಹಾಕಿಕೊಂಡ. ಮೈದುನ ಗೋಡೆ ನೋಡಿದ. ಹೊರಗೆ ಬಂದು ನಿಂತಿದ್ದ ವ್ಯಾನು ಉದ್ದಕ್ಕೆ ಹಾರ್ನ್ ಹೊಡೆಯಿತು.

ಅವಳು ಓದು ನಿಲ್ಲಿಸಿದಳು. ಹಾರ್ನ್ ನಿಂತ ಮೇಲೆ, ಗಂಡನಿಗೆ ಸರಿಯಾಗಿ ಕೇಳಿಸಿರಲಾರದೆಂದು, ಕಾಗದವನ್ನು ಬೆಳಕಿಗೆ ಹಿಡಿದು ಮತ್ತೆ ಮೊದಲ ಸಾಲಿನಿಂದ ಶುರುಮಾಡಿದಳು.