ಮಡಿವಾಳೆಪ್ಪನನ್ನು ಯಾರೂ ಕೇಳಲಿಲ್ಲ

ದೊಡವಾಡದ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಡಬ್ಬಿಗಳ ಹಿಂದೆ ಹೆಂಗಸರು ನಿಂತಿದ್ದರು. ಗಿರಣಿಯ ಬಾಗಿಲಿಗೆ ಮಾತ್ರ ಮಟಮಟ ಮಧ್ಯಾಹ್ನವೇ ಕೀಲಿ ಬಿದ್ದಿತ್ತು.

"ಕರೆಂಟ್ ಇಲ್ಲೇನ?"

"ಎದುರಿನ ಚಹಾದಂಗಡ್ಯಾಗ ಫ್ಯಾನ್ ತಿರಗಾಕತ್ತೈತಿ ನೋಡ."

"ಹಂಗಾರ ಮಷಿನ್ನಿನ ಪಟ್ಟಾ ಹರದಿರಬೇಕ."

"ಅಲ್ಲವಾ, ಹಿಟ್ಟ ಬೀಸೂ ಮಡಿವಾಳೆಪ್ಪಜ್ಜಗ ಆರಾಮಿಲ್ಲಂತ. ಕಟಕೋಳಕ್ಕ ಮಗಳ ಮನಿಗೆ ಹೋಗ್ಯಾನಂತ."

ಕಟಕೋಳಕ್ಕೆ ಹೋದನೆಂಬ ಮಡಿವಾಳೆಪ್ಪ ಅಲ್ಲೇ ಬಸ್ ನಿಲ್ಲುವ ಕಟ್ಟೆಯ ಮೇಲೆ ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು ಕುಳಿತಿದ್ದ. ಹೆಂಗಸರು ಅವನ ಹತ್ತಿರ ಹೋದರು.

"ಅಜ್ಜಾರ, ಗಿರಣಿ ಯಾಕ ಬಂದ್ ಆಗೇತ್ರಿ?"

"ನನಗೇನ ಗೊತ್ತವಾ? ಭರಮಪ್ಪನ್ನ ಕೇಳ್ರಿ."

ಗಿರಣಿಯ ಮಾಲೀಕ ಭರಮಪ್ಪನನ್ನು ಕೇಳಿದರೆ ಅವನದು ಬೇರೆಯೇ ರಾಗ. "ನನಗ್ಯಾಕ ಕೇಳ್ತೀರಿ? ಮಡಿವಾಳೆಪ್ಪ ಕಾಕಾಗ ಕೇಳ್ರಿ. ಇನ್ನ ಬರೂದಿಲ್ಲ ಅಂದಾಂವ ಅಂವನ!"

ಒಬ್ಬರು ಅತ್ತ ತೋರಿಸಿದರೆ ಇನ್ನೊಬ್ಬರು ಇತ್ತ ತೋರಿಸಿದರು. ಊರಿಗೆ ಊರೇ ತಲೆ ಕೆರೆದುಕೊಂಡಿತು. ನೀವಾದರೂ ಗೊಂದಲ ಮಾಡಿಕೊಳ್ಳಬೇಡಿ, ನಡೆದದ್ದನ್ನು ಹೇಳಿಬಿಡುತ್ತೇನೆ.

ಮಡಿವಾಳೆಪ್ಪನಿಗೆ ಅರವತ್ತೈದು ದಾಟಿದೆ. ಗಿರಣಿಗೆ ಸೇರಿದಾಗ ಅವನ ಕೂದಲು ಕರಿಯಿತ್ತು. ಆಮೇಲೆ ಅದು ಬೆಳ್ಳಗಾದದ್ದು ವಯಸ್ಸಿಗೋ ಹಿಟ್ಟಿಗೋ, ಯಾರಿಗೂ ತಿಳಿಯದು. ಅವನ ಮಗ ವಿಜಯ ಸಾಮಾನು ಸಾಗಿಸುವ ಟಂಟಂ ಓಡಿಸುತ್ತಾನೆ. ದೊಡವಾಡದಿಂದ ಬೈಲಹೊಂಗಲಕ್ಕೆ ಹೋಗಿ ಬರುವುದು ಅವನ ದುಡಿಮೆ.

ಹೋದ ತಿಂಗಳು ಕಿತ್ತೂರಿನಲ್ಲಿ ಬೀಗರ ಮನೆಯ ನಿಶ್ಚಯಕ್ಕೆ ಹೋದಾಗ ಪಂಕ್ತಿಯಲ್ಲಿ ಯಾರೋ ಒಬ್ಬ ಹಿರಿಯರು ವಿಜಯನನ್ನು ಕೆಣಕಿದರು. "ಏನಪಾ, ಎದಿಯೆತ್ತರ ಮಗಾ ಇದ್ದೂ ಅಪ್ಪ ಇನ್ನೂ ಹಿಟ್ಟ ಹೊಡಕೊಂಡ ಕುಂದರಬೇಕಾತಲ್ಲಾ?" ವಿಜಯನಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಮರುದಿನವೇ ಅವನು ಭರಮಪ್ಪನ ಹತ್ತಿರ ಹೋಗಿ, "ಅಪ್ಪ ಇನ್ನ ಬರೂದಿಲ್ಲಂತ್ರಿ, ಸಾಕಾಗೇತಂತ" ಅಂದ. ಮನೆಗೆ ಬಂದು ಅಪ್ಪನಿಗೆ, "ಭರಮಪ್ಪಣ್ಣ ಹುಡುಗನ್ನ ಇಟ್ಕೊಂಡಾನ. ನೀ ಇನ್ನ ಆರಾಮ ಕುಂತ ಉಣ್ಣು" ಅಂದ. ಹಿಟ್ಟು ಮೆತ್ತಿದ ಅಂಗಿಯನ್ನು ಒಗೆಸಿ, ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿಟ್ಟ. ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರೀತಿಯಿಂದ ಹೇಳಿದರೂ ಸುಳ್ಳು ಸುಳ್ಳೇ ಅಲ್ಲವೇ?

ಮಡಿವಾಳೆಪ್ಪ ಕುಂತು ಉಂಡ. ಆದರೆ ಉಂಡದ್ದು ಮೈಗೆ ಹತ್ತಲಿಲ್ಲ. ಮುದುಕನಾದೆನೆಂದು ಭರಮಪ್ಪ ಒಂದು ಮಾತೂ ಹೇಳದೆ ಕೈಬಿಟ್ಟನಲ್ಲ ಎಂಬ ಸಂಕಟ ಒಳಗೇ ಕೊರೆಯಿತು. ಬೆಳಿಗ್ಗೆ ಎದ್ದು ಗಿರಣಿಯ ತಿರುವಿನವರೆಗೆ ಹೋಗುತ್ತಿದ್ದ, ಅಲ್ಲಿಂದ ಹಿಂದಿರುಗುತ್ತಿದ್ದ. ಕರೆದರೆ ಓಗೊಡುತ್ತಿರಲಿಲ್ಲ. ಉಂಡ ಮೇಲೆ, "ಊಟ ಆತೇನ್ ನಂದು?" ಎಂದು ಸೊಸೆಯನ್ನೇ ಕೇಳುತ್ತಿದ್ದ.

ಸೊಸೆ ಅನ್ನಪೂರ್ಣಾಗೆ ಗಾಬರಿಯಾಯಿತು. "ಮಾವಾರಿಗೆ ಅರಳು ಮರಳು ಸುರು ಆತೇನೋ" ಎಂದು ಗಂಡನ ಮುಂದೆ ಅತ್ತಳು. ಅವಳಿಗೆ ಇನ್ನೊಂದು ಚಿಂತೆಯೂ ಇತ್ತು. ಅವಳ ಸ್ವಸಹಾಯ ಸಂಘದವರು ಕಡಕ್ ರೊಟ್ಟಿ ಮಾಡಿ ಬೈಲಹೊಂಗಲದ ಖಾನಾವಳಿಗಳಿಗೆ ಕಳಿಸುತ್ತಾರೆ. ಈಗ ಹಿಟ್ಟೇ ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಒಂದು ಖಾನಾವಳಿಯವರು ಬೇರೆ ಕಡೆ ನೋಡಿಕೊಂಡಿದ್ದರು.

ಇತ್ತ ವಿಜಯನಿಗೂ ತಲೆ ಕೆಟ್ಟಿತ್ತು. ಟಂಟಂ ಅರ್ಧ ಖಾಲಿ ಹೋಗುತ್ತಿತ್ತು. ಹಾಗೆ ಯಾಕೆ ಹೋಗುತ್ತಿದೆ ಎಂದು ಅವನು ಟಂಟಂನ ಚಕ್ರ ನೋಡಿದ, ದಿನಭವಿಷ್ಯ ನೋಡಿದ. ತನ್ನ ಮನೆಯ ಕಟ್ಟೆಯ ಮೇಲೆ ಕೆಲಸವಿಲ್ಲದೆ ಕುಳಿತ ಅಪ್ಪನನ್ನು ಮಾತ್ರ ನೋಡಲಿಲ್ಲ.

ಕೊನೆಗೆ ಅನ್ನಪೂರ್ಣಾ ಆಶಾ ಕಾರ್ಯಕರ್ತೆ ದುರ್ಗಾಳನ್ನು ಕರೆದಳು. ದುರ್ಗಾ ಅಜ್ಜನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಡಾಕ್ಟರರಿಗೆ ತೋರಿಸಿದಳು. ಬಿಪಿ, ಸಕ್ಕರೆ, ನೆನಪು ಎಲ್ಲವೂ ವಯಸ್ಸಿಗೆ ತಕ್ಕಂತೆ ಸರಿಯಾಗಿಯೇ ಇತ್ತು. ಸಂಜೆ ಅವಳು ಮನೆಗೆ ಬಂದು ಅಜ್ಜನ ಎದುರು ಕುಳಿತಳು.

"ಅಜ್ಜಾರ, ಹಿಂಗ್ಯಾಕ ಆಗೀರಿ? ಯಾವಾಗಿಂದ?"

"ಗಿರಣಿಯಿಂದ ನನ್ನ ಬಿಡಿಸಿದಾಗಿಂದವಾ."

ಅನ್ನಪೂರ್ಣಾ ಬಾಗಿಲಲ್ಲೇ ನಿಂತಳು. "ಬಿಡಿಸಿದ್ರಾ? ನೀವ ಬ್ಯಾಡ ಅಂದೀರಂತ ಭರಮಪ್ಪಣ್ಣ ನಮ್ಮ ಸಂಘದಾಗ ಹೇಳ್ಯಾರಲ್ರಿ ಮಾವಾರ!"

"ನಾನಾ? ನಾ ಯಾವಾಗ ಅಂದ್ನಿ?"

ಎಲ್ಲರೂ ಆಗಷ್ಟೇ ಮನೆಗೆ ಬಂದಿದ್ದ ವಿಜಯನ ಕಡೆ ನೋಡಿದರು. ಅವನು ನೆಲ ನೋಡಿದ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ಎಲ್ಲ ಹೇಳಿದ. ಮಡಿವಾಳೆಪ್ಪ ಮಗನ ಕಡೆ ತಿರುಗಿದ.

"ನನ್ನ ಮಾನಾ ಕಾಯಾಕ ಹೋಗಿ ನನ್ನ ಬಾಯಿ ಕಟ್ಟಿದೆಲ್ಲೋ! ಒಂದ ಮಾತ ಕೇಳಿದ್ರ ನಿಂದೇನ ಗಂಟ ಹೋಗತಿತ್ತ?"

"ಮಂದಿ ನಗಾಕತ್ತಿದ್ರಪಾ" ಎಂದ ವಿಜಯ ಮೆಲ್ಲಗೆ. ಆಮೇಲೆ ದುರ್ಗಾಳ ಕಡೆ ತಿರುಗಿ, "ಅಲ್ರಿ ಅಕ್ಕಾರ, ಹಿರ್ಯಾರ ಜಾಗಾ ಬಿಡಲಿಲ್ಲಂದ್ರ ಹುಡುಗರಿಗೆ ಕೆಲಸಾ ಎಲ್ಲಿಂದ ಸಿಗಬೇಕ್ರಿ?" ಎಂದು ವಾದ ಹೂಡಿದ.

"ಅದನ್ನ ಹುಡುಗಗ ಕೇಳೂಣು ನಡೀರಿ" ಎಂದು ದುರ್ಗಾ ಎಲ್ಲರನ್ನೂ ಗಿರಣಿಗೆ ಹೊರಡಿಸಿದಳು.

ಬೀಸಿಟ್ಟ ಹಿಟ್ಟು ಕೊಡಲು ಸಂಜೆ ಕೀಲಿ ತೆಗೆದಿದ್ದರು; ಗಿರಣಿಯಲ್ಲಿ ಭರಮಪ್ಪ ಇದ್ದ, ಚೀಲ ಎತ್ತಿಡುತ್ತ ಹೊಸದಾಗಿ ಸೇರಿದ ಪರಶು ಇದ್ದ. ಪರಶು ಬೆವರು ಒರೆಸಿಕೊಳ್ಳುತ್ತ ಹೇಳಿದ, "ಅಜ್ಜಾರ ಜಾಗಾ ಸಿಕ್ತಂತ ಕುಣದಿದ್ನಿ ಅಕ್ಕಾರ. ಈಗ ಚೀಲಾ ಎತ್ತಾಂವನೂ ನಾನ, ಕಾಳ ಹಾಕಾಂವನೂ ನಾನ, ರೊಕ್ಕಾ ಇಸ್ಕೊಳ್ಳಾಂವನೂ ನಾನ. ಜೋಳದ ಮಷಿನ್ ಹಚ್ಚಿದ್ರ ಖಾರದ್ದು ಬಂದ್. ಮಧ್ಯಾಹ್ನಕ್ಕ ಕೈಸೋತ ಕೀಲಿ ಹಾಕತೇನಿ. ಅರ್ಧಾ ದಿನದ ಕೆಲಸಕ್ಕ ಅರ್ಧಾ ಪಗಾರ."

"ಇಬ್ಬರೂ ಇದ್ರ ಎರಡೂ ಮಷಿನ್ ನಡೀತಾವ್ರಿ" ಎಂದ ಭರಮಪ್ಪ. "ಕಾಕಾನ ಮ್ಯಾಲ ನಾ ಸಿಟ್ಟಾಗಿದ್ನಿ. ಅಂವಾ ನನ್ನ ಮ್ಯಾಲ ಸಿಟ್ಟಾಗ್ಯಾನ. ಏನ್ ಹುಚ್ಚ ಮಂದಿ ನಾವು!"

ದುರ್ಗಾ ವಿಜಯನಿಗೆ ಬಿಡಿಸಿ ಹೇಳಿದಳು. "ನೋಡ ತಮ್ಮಾ, ಕೆಲಸ ಅಂದ್ರ ಹಂಚಕೊಂಡ ತಿನ್ನೂ ಒಂದ ರೊಟ್ಟಿ ಅಲ್ಲ. ಅಪ್ಪ ಬೀಸಿದ್ರ ಅನ್ನಪೂರ್ಣಾ ರೊಟ್ಟಿ ಬಡೀತಾಳ. ಆಕಿ ಬಡದ್ರ ನಿನ್ನ ಟಂಟಂ ತುಂಬತೈತಿ. ಈಗಿನ ಮಂದಿ ಮೊದಲಿಗಿಂತ ಹೆಚ್ಚ ವರ್ಷ ಬದಕತಾರ. ಊರಾಗ ಹಿರ್ಯಾರು ಹೆಚ್ಚಾಗಾಕತ್ತಾರ. ದುಡಿಯೂ ಮನಸಿದ್ದವರನ್ನೆಲ್ಲಾ ಕಟ್ಟಿಮ್ಯಾಲ ಕುಂಡ್ರಿಸಿದ್ರ ಊರ ಬೆಳೆಯೂದ ಹೆಂಗ?"

ಅರ್ಧ ಖಾಲಿ ಟಂಟಂನ ಲೆಕ್ಕ ವಿಜಯನಿಗೆ ಆಗ ತಿಳಿಯಿತು. ತನ್ನ ಚಕ್ರಕ್ಕೆ ತಾನೇ ಕಲ್ಲಿಟ್ಟುಕೊಂಡಿದ್ದ. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. "ಅಪ್ಪಗ ಮೊಣಕಾಲ ನೋವ ಐತ್ರಿ. ಹಿಟ್ಟಿನ ಧೂಳ ಬ್ಯಾರೆ. ನಾಳೆ ಏನರ ಆದ್ರ?"

"ಅದೂ ಖರೆ ಐತಿ" ಎಂದಳು ದುರ್ಗಾ. "ಜುಲ್ಮಿಲೆ ಕುಂಡ್ರಿಸೂದೂ ತಪ್ಪ, ಜುಲ್ಮಿಲೆ ದುಡಿಸೂದೂ ತಪ್ಪ. ಸಾಕಾಗೇತಿ ಅಂದವರಿಗೆ ವಿಶ್ರಾಂತಿ ಕೊಡಬೇಕ. ಮೊದಲ ಅಜ್ಜಾರನ್ನ ಕೇಳ್ರಿ."

ಅನ್ನಪೂರ್ಣಾ ಮುಂದೆ ಬಂದಳು. "ಮಾವಾರ, ನಿಮಗೇನ ಬೇಕ ಹೇಳ್ರಿ."

ಮಡಿವಾಳೆಪ್ಪ ಗೊಂದಲಕ್ಕೆ ಬಿದ್ದ. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಮಷಿನ್ ಸವರಿದ, ಬೆರಳಿಗೆ ಹತ್ತಿದ ಹಿಟ್ಟು ನೋಡಿದ.

"ಚೀಲಾ ಎತ್ತಾಕ ಆಗೂದಿಲ್ಲಪಾ, ಅದು ಖರೆ" ಎಂದ ಕೊನೆಗೆ. "ನಡು ಮಧ್ಯಾಹ್ನ ಮಲಗಬೇಕನಸ್ತೈತಿ. ಆದ್ರ ಮುಂಜಾನಿ, ಸಂಜಿ ಮುಂದ ಇಲ್ಲಿ ಇರಬೇಕ. ಇಲ್ಲಿಗೆ ಬರೂ ನಾಕ ಮಂದಿ ಜೋಡಿ ಮಾತಾಡಲಿಲ್ಲಂದ್ರ ನನಗ ನಾನ ಯಾರಂತ ತಿಳಿವಲ್ದು."

ಅಲ್ಲೇ ನಿಂತು ಎಲ್ಲ ಗೊತ್ತುಮಾಡಿದರು. ಚೀಲ ಎತ್ತುವುದು ಪರಶುವಿನ ಕೆಲಸ. ಅಜ್ಜನಿಗೆ ಬೆನ್ನು ಆನಿಸಲು ಒಂದು ಕುರ್ಚಿ ಹಾಕಬೇಕು. ಮೂಗಿಗೆ ಮಾಸ್ಕ್ ಕಟ್ಟಲೇಬೇಕು, ಇದಕ್ಕೆ ದುರ್ಗಾ ಗದರಿಸಿಯೇ ಒಪ್ಪಿಸಿದಳು. ಆಗಾಗ ಡಾಕ್ಟರರಿಗೆ ತೋರಿಸಬೇಕು. ದುಡಿದ ಹೊತ್ತಿಗೆ ಸರಿಯಾದ ಪಗಾರವನ್ನು ಅಜ್ಜನ ಕೈಯಲ್ಲೇ ಕೊಡಬೇಕು, ಅದೇನು ಉಪಕಾರವಲ್ಲ.

ಮರುದಿನ ಬೆಳಿಗ್ಗೆ ವಿಜಯ ಟ್ರಂಕಿನಿಂದ ಗಿರಣಿಯ ಆ ಹಳೆಯ ಅಂಗಿಯನ್ನು ತಾನೇ ತೆಗೆದುಕೊಟ್ಟ.

"ಇಸ್ತ್ರಿ ಅಂಗಿ ಹಾಕ್ಕೊಂಡ ಗಿರಣಿಗೆ ಯಾಂವ ಹೋಗತಾನಲೇ?" ಎಂದ ಮಡಿವಾಳೆಪ್ಪ. ಬೈದರೂ ಹಾಕಿಕೊಂಡ. ಸಂಜೆಯ ಹೊತ್ತಿಗೆ ಅದರ ಇಸ್ತ್ರಿ ಎಲ್ಲಿ ಹೋಯಿತೋ, ಹಿಟ್ಟಿನಲ್ಲಿ ಕಾಣಲಿಲ್ಲ. ಆ ದಿನ ಊಟವಾದ ಮೇಲೆ ಅವನು ಊಟದ ಬಗ್ಗೆ ಯಾರನ್ನೂ ಕೇಳಲಿಲ್ಲ, ಇನ್ನೊಂದು ರೊಟ್ಟಿ ಕೇಳಿದ.

ಕಿತ್ತೂರಿನ ಆ ಹಿರಿಯರು ಮೊನ್ನೆ ಮದುವೆಯಲ್ಲಿ ಮತ್ತೆ ಸಿಕ್ಕರು. "ಏನಪಾ, ಅಪ್ಪನ್ನ ಇನ್ನೂ ದುಡಸಾಕತ್ತಿಯೇನ?" ಅಂದರು. ವಿಜಯ ಈ ಸಲ ತುತ್ತು ನುಂಗಿಯೇ ಮಾತಾಡಿದ. "ನನಗ್ಯಾಕ ಕೇಳ್ತೀರಿ? ಅಪ್ಪ ಬಾಜೂಕ ಕುಂತಾನ ನೋಡ್ರಿ, ಅವನ್ನ ಕೇಳ್ರಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಮಡಿವಾಳೆಪ್ಪ ಇರಬಹುದು, ಅಥವಾ ಒಬ್ಬ ಅವ್ವ ಇರಬಹುದು. ವಯಸ್ಸಾಯಿತೆಂದು ಅವರ ಕೈಯ ಕೆಲಸ ಕಸಿಯಬೇಡಿ, ಆಗದ ಭಾರವನ್ನೂ ಹೊರಿಸಬೇಡಿ. ಕೆಲಸವನ್ನು ಅವರ ಮೈಗೆ ಒಗ್ಗಿಸಿ, ದುಡಿದದ್ದಕ್ಕೆ ಸರಿಯಾಗಿ ಕೊಡಿ. ಮಂದಿ ಏನಂತಾರೆಂದು ಊರೆಲ್ಲ ಕೇಳುತ್ತೀರಲ್ಲ, ಇವತ್ತು ಊಟಕ್ಕೆ ಕುಳಿತಾಗ ಅವರನ್ನೂ ಒಂದು ಮಾತು ಕೇಳಿ. ಉತ್ತರ ತಡವಾದರೆ ಕಾಯಿರಿ. ಅವರಿಗೆ ಇದು ಹೊಸ ಪ್ರಶ್ನೆ.